ದಖ್ಖನ್ ನಕ್ಷೆಯಲ್ಲಿ ಮೈಸೂರಿಗೆ ಜಾಗ ಮಾಡಿದ್ದು

ಡಿಪ್ಲೊಮಸಿ ಎಂಬ ಬೋರ್ಡ್ ಆಟದಲ್ಲಿ ದಾಳ ಇಲ್ಲ. 1901ರ ಯುರೋಪ್, ಏಳು ಶಕ್ತಿಗಳು, 34 ಸಪ್ಲೈ ಸೆಂಟರ್ (ಸೈನ್ಯ ಸಾಕಲು ಬೇಕಾದ ಜಾಗಗಳು). 18 ಹಿಡಿದವರು ಗೆದ್ದರು. ಮಾತುಕತೆ ಮುಗಿಸಿ ಎಲ್ಲರೂ ಗುಟ್ಟಾಗಿ ತಮ್ಮ ನಡೆಗಳ ಆರ್ಡರ್ ಬರೆದು, ಒಟ್ಟಿಗೇ ತೆರೆಯುತ್ತಾರೆ. ಇದನ್ನೇ 1780ರ ದಖ್ಖನ್‌ಗೆ ಹೊಂದಿಸಿ ನಾನೊಂದು ನಕ್ಷೆ ಮಾಡಿದೆ.

ಇಸವಿ ಆರಿಸಿದಾಗಲೇ ಅರ್ಧ ಸಮತೋಲ ಬಂತು. 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿ, ಪುಣೆಯ ಮರಾಠರು, ಹೈದರಾಬಾದಿನ ನಿಜಾಮ ಮೂವರೂ ಟಿಪ್ಪುವಿನ ಮೇಲೆ ಒಂದಾಗಿದ್ದರು. 1780ರಲ್ಲಿ ಅದೇ ಪುಣೆ, ಅದೇ ನಿಜಾಮ ಹೈದರ್ ಅಲಿ ಜೊತೆ ಸೇರಿ ಕಂಪನಿಗೆ ಎದುರಾಗಿದ್ದರು. ಈ ಆಟಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಸಿಗುತ್ತಾ?

ಆದರೆ ನಾಲ್ಕೇ ಶಕ್ತಿ ಇದ್ದರೆ ಮೂವರು ಸೇರಿ ಒಬ್ಬರನ್ನು ಮುಗಿಸುವುದು ತೀರಾ ಸುಲಭ. ಐದನೆಯವರು ಬೇಕಿತ್ತು. ಫ್ರೆಂಚರು ಆಗಲಿಲ್ಲ, ಪಾಂಡಿಚೇರಿ 1778ರಲ್ಲಿ, ಮಾಹೆ 1779ರಲ್ಲಿ ಅವರ ಕೈಬಿಟ್ಟಿದ್ದವು. ನಾಗಪುರದ ಮರಾಠಾ ದೊರೆ ಭೋಂಸ್ಲೆಯನ್ನು ತಂದೆ. ಅವರ ಸೈನ್ಯ ಕಂಪನಿಯ ಮೇಲೆ ಹೊರಟು ಕಟಕ್‌ವರೆಗೆ ಬಂದಿದ್ದರೂ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಹಣ ಕೊಟ್ಟು ಸುಮ್ಮನಾಗಿಸಿದ. ಹಾಗಾಗಿ ಪುಣೆಯಿಂದ ಬೇರೆಯಾಗಿ ನಿಲ್ಲಲು ನಾಗಪುರಕ್ಕೆ ಇತಿಹಾಸದಲ್ಲೇ ಕಾರಣ ಇದೆ. ಐವರಿಗೂ ತಲಾ 3 ಸೆಂಟರ್, ಯಾರದ್ದೂ ಅಲ್ಲದ್ದು 9, ಗೆಲ್ಲಲು 13.

ಜಾಸ್ತಿ ತಲೆ ಕೆಡಿಸಿದ್ದು ಮೈಸೂರು. ಮೂಲ ಆಟದ ಆಸ್ಟ್ರಿಯಾದಂತೆ ನಡುವಿನ ರಾಜ್ಯ, ಎಲ್ಲ ಕಡೆಯಿಂದಲೂ ಪೆಟ್ಟು. ಇನ್ನೊಂದು ಆರ್ಮಿ ಕೊಟ್ಟು ನೋಡಿದರೆ ಉಲ್ಟಾ ಆಗುತ್ತದೆ: ಅಕ್ಕಪಕ್ಕದವರು ಹೆದರಿ ಮೊದಲ ಸುತ್ತಿನಲ್ಲೇ ಒಂದಾಗುತ್ತಾರೆ. ಅದಕ್ಕೇ ಮೈಸೂರಿನ ಬಲ ಮುಟ್ಟಲಿಲ್ಲ, ಬೇರೆಯವರ ಜಗಳ ಹೆಚ್ಚಿಸಿದೆ. ರಾಯಚೂರನ್ನು ಸೆಂಟರ್ ಮಾಡಿ ಪುಣೆಗೂ ಹೈದರಾಬಾದಿಗೂ ಒಂದೇ ದೂರದಲ್ಲಿಟ್ಟೆ. ಈ ಆಟದಲ್ಲಿ ಎಲ್ಲ ಸೈನ್ಯಕ್ಕೂ ಬಲ ಒಂದೇ, ಹಾಗಾಗಿ ಇಬ್ಬರೂ ಒಟ್ಟಿಗೆ ನುಗ್ಗಿದರೆ ಯಾರಿಗೂ ಸಿಗುವುದಿಲ್ಲ. ಪಕ್ಕದ ಬಳ್ಳಾರಿಗೆ ಮೈಸೂರಿನ ಆರ್ಮಿ ಬಂದು ನಿಂತರೆ, ಅದರ ಸಪೋರ್ಟ್ (ತಾನು ಕದಲದೆ ಇನ್ನೊಬ್ಬರ ನಡೆಗೆ ಬಲ ಸೇರಿಸುವುದು) ಯಾರಿಗೋ ಅವರದೇ ರಾಯಚೂರು. ಈಗ ಆಟ ಶುರುವಾದ ಕೂಡಲೇ ಇಬ್ಬರೂ ಮೈಸೂರಿನ ಆಟಗಾರನನ್ನು ಪಕ್ಕಕ್ಕೆ ಕರೆದು ಮಾತಾಡುತ್ತಾರೆ. ನನಗೆ ಬೇಕಿದ್ದದ್ದು ಇದೇ. ಮುಗಿಸಿಬಿಡೋಣ ಅನ್ನುವ ಮೊದಲು ಇವನ ಸಹಾಯ ಬೇಕಲ್ಲ ಅನ್ನುವ ಯೋಚನೆ ಬರಬೇಕು.

ಮದ್ರಾಸಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಆರ್ಕಾಟ್, ಬಾರಾಮಹಲ್ ಎರಡು ಪ್ರಾಂತ್ಯ ಇಟ್ಟೆ. ಮೊದಲ ನಡೆಯಲ್ಲಿ ಯಾರೂ ಯಾರ ರಾಜಧಾನಿಯನ್ನೂ ಮುಟ್ಟಬಾರದು, ಇಲ್ಲದಿದ್ದರೆ ಮಾತುಕತೆಗೆ ಸಮಯವೇ ಇರುವುದಿಲ್ಲ.

ಕಂಪನಿಯ ಕಥೆ ಬೇರೆ. ಮದ್ರಾಸ್, ಬಾಂಬೆ, ಕಲ್ಕತ್ತಾ ಮೂರೂ ದೂರ ದೂರ. ಒಂದೇ ಏಟಿಗೆ ಅದನ್ನು ಮುಗಿಸಲಾಗದು, ಆದರೆ ಅದಕ್ಕೂ ಬಲ ಒಟ್ಟುಗೂಡಿಸುವುದು ಕಷ್ಟ. ಪೂರ್ವ ಕರಾವಳಿಯ ಫ್ಲೀಟ್ (ನೌಕಾಪಡೆ) ಬೇಗ ಮಂಗಳೂರು ತಲುಪದಂತೆ ಕನ್ಯಾಕುಮಾರಿಯ ಸಮುದ್ರವನ್ನು ಎರಡು ಭಾಗ ಮಾಡಿದೆ. ಮೂಲ ಆಟದ ವಸಂತ, ಶರತ್ತುಗಳ ಬದಲು ದಸರಾ, ಬೇಸಿಗೆ ಎಂಬ ಎರಡು ಸುತ್ತು. ಮರಾಠರು ದಂಡಯಾತ್ರೆ ಹೊರಡುತ್ತಿದ್ದದ್ದು ದಸರಾಕ್ಕೇ. ಹೊಸ ಸೈನ್ಯ ಕಟ್ಟುವುದು ಮಳೆಗಾಲದಲ್ಲಿ. ತಿರುವಾಂಕೂರು ಯಾರ ಕೈಯಲ್ಲೂ ಇಲ್ಲ, ಆದರೆ ಅಲ್ಲೊಂದು ಆರ್ಮಿ ಕದಲದೆ ನಿಂತಿರುತ್ತದೆ. ಸಪೋರ್ಟ್ ಇಲ್ಲದೆ ಹೋದವರು ಹಾಗೇ ವಾಪಸ್ ಬರಬೇಕು.