ಹಳೇ ವೀಣೆ ಕೊಳ್ಳುವಾಗ ಕತೆಗೆ ದುಡ್ಡು ಕೊಡಬೇಡಿ

ನನ್ನ ಹತ್ತಿರ ವೀಣೆ ಪಾಠಕ್ಕೆ ಸೇರಿದ ಮಕ್ಕಳ ಅಪ್ಪ ಅಮ್ಮ ಒಂದೆರಡು ತಿಂಗಳಾದ ಮೇಲೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ‘ಮೇಡಂ, ಮನೇಲಿ ಅಭ್ಯಾಸಕ್ಕೆ ವೀಣೆ ಬೇಕಲ್ಲ, ಹಳೇದು ಸಿಕ್ಕರೆ ಸಾಕು. ಹೆಂಗೆ ತಗೊಳ್ಳೋದು?’ ಹೊಸದಕ್ಕೆ ಹತ್ತಾರು ಸಾವಿರ ಬೇಕು. ಮಗು ಮುಂದುವರಿಸುತ್ತದೋ ಇಲ್ಲವೋ ಹೇಳಲಾಗದು. ಹಾಗಾಗಿ ಹಳೇದನ್ನು ಹುಡುಕುವುದೇ ಸರಿ. ಮೈಸೂರಲ್ಲಿ ಅದಕ್ಕೆ ಬರವೂ ಇಲ್ಲ. ಸರಸ್ವತಿಪುರಂ, ಒಂಟಿಕೊಪ್ಪಲು, ಚಾಮುಂಡಿಪುರಂ ಕಡೆಯ ಹಳೇ ಮನೆಗಳಲ್ಲಿ ಬೀರು ಪಕ್ಕ ಬಟ್ಟೆ ಹೊದ್ದು ನಿಂತಿರುವ ವೀಣೆಗಳು ಎಷ್ಟೋ ಇವೆ. ಅಜ್ಜಿ ಹೋದ ಮೇಲೆ, ಮಗಳು ಮದುವೆಯಾಗಿ ಹೋದ ಮೇಲೆ, ಮನೆಯವರು ಅದನ್ನು ಯಾರಿಗಾದರೂ ಕೊಡೋಣ ಅಂದುಕೊಳ್ಳುತ್ತಾರೆ. ಅಂಥವರಲ್ಲಿ ಮುಕ್ಕಾಲು ಪಾಲು ಜನ ಒಳ್ಳೆಯವರೇ. ನಾನು ಹೇಳಹೊರಟಿರುವುದು ಮಧ್ಯದಲ್ಲಿ ನಿಂತು ಆಟ ಆಡುವವರ ಬಗ್ಗೆ. ಇಂಥ ವೀಣೆಗಳನ್ನು ಚಿಲ್ಲರೆ ಕಾಸಿಗೆ ಎತ್ತಿಕೊಂಡು, ಮೇಲೆ ಪಾಲಿಶ್ ಬಳಿದು, ಒಂದು ಕತೆ ಕಟ್ಟಿ, ಮಂಡ್ಯ ಮದ್ದೂರಿನಿಂದ ಬರುವ ಏನೂ ಗೊತ್ತಿಲ್ಲದ ತಂದೆ ತಾಯಿಗೆ ದಾಟಿಸುವವರು.

ಇದು ನನಗೆ ಯಾಕೆ ಇಷ್ಟು ಸಂಕಟ ಅಂದರೆ, ಕೆಟ್ಟ ವೀಣೆಯಿಂದ ಹೋಗುವುದು ದುಡ್ಡು ಮಾತ್ರ ಅಲ್ಲ. ಶ್ರುತಿ ನಿಲ್ಲದ ವೀಣೆಯಲ್ಲಿ ಮಗು ದಿನಾ ಅಪಸ್ವರವನ್ನೇ ಅಭ್ಯಾಸ ಮಾಡುತ್ತದೆ. ಕಿವಿ ಕೆಡುತ್ತದೆ. ‘ನನಗೆ ಸಂಗೀತ ಬರಲ್ಲ’ ಅಂತ ತನ್ನನ್ನೇ ಬೈದುಕೊಂಡು ಬಿಟ್ಟುಬಿಡುತ್ತದೆ. ತಪ್ಪು ಮರದ್ದು, ಶಿಕ್ಷೆ ಮಗುವಿಗೆ.

ಮೊದಲು ಕತೆಗಳ ವಿಷಯ ಮುಗಿಸೋಣ. ಮೈಸೂರಿನಲ್ಲಿ ಜಾಸ್ತಿ ಓಡುವ ಕತೆ ಅರಮನೆಯದ್ದು. ‘ಇದು ಅರಮನೆ ವಿದ್ವಾಂಸರ ಮನೆಯಿಂದ ಬಂದದ್ದು, ಶೇಷಣ್ಣನವರ ಕಾಲದ್ದು’ ಅನ್ನುತ್ತಾರೆ. ಮೈಸೂರು ಅರಮನೆಯ ಹೆಸರಾಂತ ವೈಣಿಕ ವೀಣೆ ಶೇಷಣ್ಣನವರು ತೀರಿಕೊಂಡದ್ದು 1926ರಲ್ಲಿ. ಅಷ್ಟು ಹಳೆಯ ವೀಣೆ ಇರಬಾರದು ಅಂತೇನಿಲ್ಲ. ಆದರೆ ಅದಕ್ಕೆ ಒಂದು ಹಳೇ ಫೋಟೊ, ಒಂದು ಕಾಗದ, ವಿಚಾರಿಸಿದರೆ ಹೌದು ಅನ್ನುವ ಒಬ್ಬರಾದರೂ ಮನೆಯವರು ಇರಬೇಕು. ಏನೂ ಇಲ್ಲದಿದ್ದರೆ ಆ ಮಾತಿಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ಇನ್ನೊಂದು ಮಾತು. ನಿಜವಾಗಿಯೇ ನೂರು ವರ್ಷ ಹಳೆಯದಾದರೂ ಕಲಿಯುವ ಮಗುವಿಗೆ ಅದರಿಂದ ಲಾಭವಿಲ್ಲ. ಮಗುವಿಗೆ ಬೇಕಾದದ್ದು ಶ್ರುತಿ ಹಿಡಿದು ನಿಲ್ಲುವ ವೀಣೆ.

ಎರಡನೇ ಕತೆ ದಂತದ್ದು. ಕೊಡದ (ವೀಣೆಯ ಬಲತುದಿಯ ದೊಡ್ಡ ದುಂಡು ಭಾಗ) ಅಂಚಿನಲ್ಲಿ ಬಿಳಿ ಹೂಬಳ್ಳಿ ಕೂರಿಸಿರುತ್ತದೆ. ‘ನೋಡಿ ಅಮ್ಮಾ, ಅಸಲಿ ಆನೆದಂತ’ ಅನ್ನುತ್ತಾರೆ. ಹಿಂದೆ ಮೈಸೂರು ವೀಣೆಗಳಿಗೆ ದಂತ ಕೂರಿಸುತ್ತಿದ್ದದ್ದು ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ತಂದು ನಮ್ಮ ಆನೆಯ ದಂತದ ವ್ಯಾಪಾರ ನಿಲ್ಲಿಸಿದರು. 1991ರಲ್ಲಿ ಆಫ್ರಿಕಾದಿಂದ ತರಿಸಿದ ದಂತದ ವ್ಯಾಪಾರವೂ ನಿಂತಿತು. ಅಂದರೆ ಅವರು ಹೇಳುವುದು ನಿಜವಾದರೆ ಆ ವ್ಯಾಪಾರಕ್ಕೆ ಕೈ ಹಾಕುವುದು ಅಪರಾಧ. ಸುಳ್ಳಾದರೆ ಪ್ಲಾಸ್ಟಿಕ್ಕಿಗೆ ದಂತದ ರೇಟು. ಅಸಲಿಯೋ ನಕಲಿಯೋ ಪರೀಕ್ಷೆ ಮಾಡುತ್ತಾ ಕೂರಬೇಡಿ, ಎದ್ದು ಬನ್ನಿ. ಈಗಿನ ವೀಣೆಗಳಲ್ಲಿ ಬಿಳಿ ಕೆಲಸ ಪ್ಲಾಸ್ಟಿಕ್ಕಿನದೇ. ಅದರಿಂದ ನಾದಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಮೂರನೆಯದು ‘ಏಕಾಂಡ ವೀಣೆ’. ಕೊಡ, ಅದಕ್ಕೆ ಸೇರುವ ಉದ್ದನೆಯ ದಂಡಿ ಎಲ್ಲ ಒಂದೇ ಹಲಸಿನ ತುಂಡಿನಲ್ಲಿ ಕೆತ್ತಿದ್ದು ಅಂತ ಅರ್ಥ. ಇದಕ್ಕೆ ಬೆಲೆ ಜಾಸ್ತಿ. ಅದಕ್ಕೇ ಜೋಡಿಸಿದ ವೀಣೆಯನ್ನೂ ಏಕಾಂಡ ಅಂತ ಮಾರುತ್ತಾರೆ. ವೀಣೆಯನ್ನು ಮಗುಚಿ ಹಿಂಬದಿಯ ಮರದ ಎಳೆ ನೋಡಿ. ಕೊಡದಿಂದ ದಂಡಿಗೆ ಎಳೆ ಕಡಿಯದೆ ಹರಿದಿರಬೇಕು. ಸೇರುವ ಜಾಗದಲ್ಲಿ ಎಳೆ ನಿಂತು ಬೇರೆ ದಿಕ್ಕಿನಲ್ಲಿ ಶುರುವಾಗಿದ್ದರೆ ಅದು ಜೋಡಣೆ. ಎಳೆಯೇ ಕಾಣದಷ್ಟು ಕಡುಕಂದು ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಜೋಡಿಸಿದ ವೀಣೆ ಕೆಟ್ಟದ್ದಲ್ಲ, ನಾನು ಕಲಿತದ್ದು ಅಂಥದ್ದರಲ್ಲೇ. ಆದರೆ ಜೋಡಿಸಿದ್ದಕ್ಕೆ ಜೋಡಿಸಿದ ವೀಣೆಯ ಬೆಲೆ ಕೊಡಬೇಕು ಅಷ್ಟೆ.

ನೋಡಲು ಹೋಗುವಾಗ ಕೈಚೀಲದಲ್ಲಿ ಇಷ್ಟು ಇರಲಿ: ಹೊಸ ಸಾರಣಿ ತಂತಿ (ನುಡಿಸುವ ಮೊದಲ ತಂತಿ) ಒಂದು, ಪಂಚಮದ ತಂತಿ (ಎರಡನೆಯದು) ಒಂದು, ಒಂದು ಪೆನ್ಸಿಲ್, ಗಟ್ಟಿ ದಾರ. ಫೋನಿನಲ್ಲಿ ಟಾರ್ಚೂ ತಂಬೂರಿ ಆ್ಯಪೂ ಇದ್ದೇ ಇರುತ್ತದೆ. ಹಗಲು ಹೊತ್ತೇ ಹೋಗಿ. ನುಡಿಸಲು ಬರುವ ಒಬ್ಬರನ್ನು ಕರೆದುಕೊಂಡು ಹೋಗಿ. ಯಾರೂ ಇಲ್ಲದಿದ್ದರೆ ಮಗುವಿನ ಮೇಷ್ಟ್ರನ್ನೇ ಕೇಳಿ, ಸಂಕೋಚ ಬೇಡ.

ಪೆನ್ಸಿಲ್ ಯಾಕೆ ಅಂತ ಒಂದು ಘಟನೆ ಹೇಳಿದರೆ ಗೊತ್ತಾಗುತ್ತದೆ. ಮದ್ದೂರಿನ ಹತ್ತಿರ ಆಲೆಮನೆ ನಡೆಸುವವರೊಬ್ಬರು ಮಗಳಿಗೆ ವೀಣೆ ನೋಡಲು ನನ್ನನ್ನು ಕರೆದುಕೊಂಡು ಹೋದರು. ಮಾರುವವರು ನಡುಮನೆಯಲ್ಲಿ ಚಾಪೆ ಹಾಸಿ, ವೀಣೆಗೆ ಹೂ ಮುಡಿಸಿ ಇಟ್ಟಿದ್ದರು. ಮಿರಮಿರ ಮಿನುಗುತ್ತಿತ್ತು. ಆದರೆ ತಂತಿಗಳೆಲ್ಲ ಜೋತು ಬಿದ್ದಿದ್ದವು. ‘ಶ್ರುತಿ ಮಾಡಿ ನೋಡ್ತೀನಿ’ ಅಂದೆ. ‘ಈಗ ಬೇಡಮ್ಮ, ತಂತಿ ಹಳೇದು, ಕಿತ್ತೋಗ್ತದೆ’ ಅಂದರು. ‘ಹೊಸದು ತಂದಿದೀನಿ’ ಅಂತ ಚೀಲದಿಂದ ತೆಗೆದೆ. ಅವರ ಮುಖ ಸ್ವಲ್ಪ ಬಿಗಿಯಿತು. ಸಾರಣಿ, ಪಂಚಮ ಎರಡನ್ನೂ ಹಾಕಿ ಎರಡೂವರೆ ಶ್ರುತಿಗೆ, ಅಂದರೆ ತಂಬೂರಿ ಆ್ಯಪಿನ D# ಗೆ, ಏರಿಸಿದೆ. ಇಳಿಯಿತು. ಮತ್ತೆ ಏರಿಸಿದೆ, ಮತ್ತೆ ಇಳಿಯಿತು. ಹೊಸ ತಂತಿ ಮೊದಲು ಹಿಗ್ಗಿ ಇಳಿಯುವುದು ಸಹಜ. ಮೂರು ನಾಲ್ಕು ಸಲ ಏರಿಸಿ ಎಳೆದ ಮೇಲೆ ನಿಲ್ಲಬೇಕು. ಇದು ನಿಲ್ಲಲಿಲ್ಲ. ‘ಬಿರಡೆ ಜಾರ್ತಿದೆ, ಸೀಮೆಸುಣ್ಣ ಹಚ್ಚಿದ್ರೆ ಸರಿಹೋಗ್ತದೆ’ ಅಂದರು. ಆಗ ತಂತಿ ಬಿಗಿಸುವ ಆ ಬಿರಡೆಯಿಂದ ಅದರ ಪಕ್ಕದ ಮರಕ್ಕೆ ಸೇರುವ ಹಾಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ಹತ್ತು ನಿಮಿಷ ಎಲ್ಲರೂ ಕಾಫಿ ಕುಡಿದೆವು. ಶ್ರುತಿ ಇಳಿದಿತ್ತು. ಗೆರೆ ಮಾತ್ರ ಒಂದು ಕೂದಲೆಳೆಯಷ್ಟೂ ಜರುಗಿರಲಿಲ್ಲ.

ಬಿರಡೆ ಜಾರಿಲ್ಲ, ತಂತಿ ಹಿಗ್ಗುವುದೂ ನಿಂತಿದೆ, ಆದರೂ ಶ್ರುತಿ ಇಳಿಯುತ್ತಿದೆ ಅಂದರೆ ಮರವೇ ಬಾಗುತ್ತಿದೆ. ಕೊಡಕ್ಕೆ ದಂಡಿ ಸೇರುವ ಕಡೆ ಟಾರ್ಚ್ ಅಡ್ಡಲಾಗಿ ಹಿಡಿದು ಉಗುರಿನಿಂದ ಕೆರೆದೆ. ಪಾಲಿಶ್ ಕೆಳಗಿಂದ ಕಂದು ಪುಡಿ ಉದುರಿತು. ಮರದ ಪುಡಿಗೆ ಅಂಟು ಕಲಸಿ ಬಿರುಕಿಗೆ ತುಂಬಿದ್ದರು. ಆ ತಂದೆ ಬಗ್ಗಿ ನೋಡಿ ಮೆಲ್ಲಗೆ ಅಂದರು, ‘ಸಂತೇಲಿ ಗಾಡಿ ನೊಗ ಮಾರೋರೂ ಹಿಂಗೇ ಮಾಡ್ತರೆ ಮೇಡಮ್ಮೋರೇ, ಬಿರುಕಿಗೆ ತುಂಬಿ ಬಣ್ಣ ಬಳೀತರೆ.’ ನಾವು ಕಾಫಿಗೆ ಥ್ಯಾಂಕ್ಸ್ ಹೇಳಿ ಎದ್ದೆವು.

ಹಾಗಾಗಿ ಮಿಕ್ಕ ಪರೀಕ್ಷೆ ಎಲ್ಲಕ್ಕಿಂತ ಮುಂಚೆ ಇದನ್ನು ಮಾಡಿ. ಪೂರ್ತಿ ಶ್ರುತಿಗೆ ಏರಿಸಿ, ಅರ್ಧ ಗಂಟೆ ಹಾಗೇ ಬಿಡಿ. ಸಾಮಾನ್ಯವಾಗಿ ಎರಡೂವರೆ, ಮೂರು (E) ಶ್ರುತಿ ಇಟ್ಟುಕೊಳ್ಳುತ್ತೇವೆ. ‘ಕಮ್ಮಿ ಶ್ರುತಿಗೆ ಇಟ್ಟರೆ ನಾದ ಚೆನ್ನಾಗಿರ್ತದೆ’ ಅಂದರೆ ಒಪ್ಪಬೇಡಿ. ಸಡಿಲ ತಂತಿಯಲ್ಲಿ ಯಾವ ಬಿರುಕೂ ಬಾಯಿ ಬಿಡುವುದಿಲ್ಲ. ಅರ್ಧ ಗಂಟೆ ಕಾಯಲು ಬಿಡದವರ ಹತ್ತಿರ ವ್ಯಾಪಾರವೇ ಬೇಡ. ಮೋಸ ಮಾಡುವವರಿಗೆ ಬೇಕಾದದ್ದು ನಿಮ್ಮ ಆತುರ. ‘ಸಂಜೆ ಇನ್ನೊಬ್ಬರು ಬರ್ತಾರೆ’, ‘ವಿಜಯದಶಮಿಗೆ ಪಾಠ ಶುರು ಮಾಡ್ಬೇಕಲ್ವಾ, ಆಮೇಲೆ ಸಿಗಲ್ಲ’ ಅನ್ನುವುದೆಲ್ಲ ಅದಕ್ಕೇ. ದಸರಾ ಹತ್ತಿರ ಬಂದಾಗ ಕೊಳ್ಳಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ.

ವೀಣೆ ಕಾಯುತ್ತಿರುವಾಗ ಉಳಿದದ್ದು ನೋಡಿ. ದಾರವನ್ನು ದಂಡಿಯ ಅಂಚಿನ ಉದ್ದಕ್ಕೂ ಬಿಗಿಯಾಗಿ ಹಿಡಿಯಿರಿ. ನಡುವೆ ಸಂದು ಕಂಡರೆ ದಂಡಿ ಬಾಗಿದೆ. ಇದನ್ನು ಮುಚ್ಚಲು ಮೆಟ್ಟಿಲು (ಬೆರಳು ಒತ್ತುವ ಕಡೆ ತಂತಿಯ ಕೆಳಗಿರುವ ಅಡ್ಡಪಟ್ಟಿ) ಕೂರಿಸುವ ಮೇಣವನ್ನು ನಡುವೆ ಎತ್ತರ ಕಟ್ಟಿರುತ್ತಾರೆ, ಅದನ್ನೂ ಗಮನಿಸಿ. ಬಾಗಿದ ದಂಡಿ ಬೇಡವೇ ಬೇಡ. ವೀಣೆಯನ್ನು ಎತ್ತಿ ಮೆಲ್ಲಗೆ ಅಲುಗಿಸಿ. ಒಳಗೆ ಸರಸರ ಪುಡಿ ಸದ್ದು ಬಂದರೆ, ಹಿಂಬದಿಯಲ್ಲಿ ಸೂಜಿಮೊನೆಯಂಥ ತೂತುಗಳಿದ್ದರೆ ಕುಟ್ಟೆ ಹುಳು ಹಿಡಿದಿದೆ. ಅದೂ ಬೇಡ.

ಆಮೇಲೆ ಮೆಟ್ಟಿಲು. 24 ಇರಬೇಕು, ಎಣಿಸಿ. ಸಾರಣಿಯನ್ನು ಒತ್ತದೆ ಮೀಟಿ, ನಂತರ ಹನ್ನೆರಡನೇ ಮೆಟ್ಟಿಲಲ್ಲಿ ಒತ್ತಿ ಮೀಟಿ. ಮೇಲಿನ ಷಡ್ಜ (ಸ) ತಂಬೂರಿಗೆ ಸೇರಬೇಕು. ಒಂದೊಂದೇ ಮೆಟ್ಟಿಲಿನಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ನೋಡಿ. ಸವೆದು ಗುಳಿ ಬಿದ್ದಿದ್ದರೆ ತಂತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಗಮಕ (ಸ್ವರದ ಓಲಾಟ) ಬರುವುದಿಲ್ಲ. ‘ಈಗ ತಾನೆ ಮೇಣ ಕಟ್ಟಿಸಿದ್ದು’ ಅಂದರೆ ಮೇಣದ ಪಕ್ಕದ ಗೋಡೆ ನೋಡಿ. ಮೇಲೆ ಹೊಳಪು, ಪಕ್ಕದಲ್ಲಿ ಒಣಗಿ ಸೀಳು ಇದ್ದರೆ ಬರೀ ಎಣ್ಣೆ ಸವರಿದ್ದಾರೆ. ಮೆಟ್ಟಿಲು, ಮೇಣ, ತಂತಿಗಳನ್ನು ಹೊರುವ ಕುದುರೆಯ ಮೇಲಿನ ತಗಡು, ಬಿರಡೆ, ಇವೆಲ್ಲ ರಿಪೇರಿ ಆಗುವಂಥವು. ಇದಕ್ಕಾಗಿ ವೀಣೆ ಬಿಡಬೇಕಿಲ್ಲ. ರಿಪೇರಿಯವರಿಗೆ ಫೋಟೊ ಕಳಿಸಿ ಖರ್ಚು ಕೇಳಿ, ಅಷ್ಟನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ದಂಡಿಯ ಎಡತುದಿಯ ಕೆಳಗಿರುವ ದುಂಡನೆ ಬುರುಡೆಗೆ ‘ಅಸಲಿ ಸೋರೆ’ ಅಂತ ಬೇರೆ ದುಡ್ಡು ಕೇಳಿದರೆ ಬೇಡ ಅನ್ನಿ. ಅದು ಇರುವುದು ಮುಖ್ಯವಾಗಿ ಆಸರೆಗೆ.

ಕದ್ದ ಮಾಲೋ ಅಂತ ಅನುಮಾನ ಬಂದರೆ ಸುಲಭದ ದಾರಿ ಒಂದಿದೆ. ‘ನಿಮ್ಮ ಮನೆ ಸರಸ್ವತಿ ಪೂಜೆ ಫೋಟೊ ಇದ್ರೆ ತೋರಿಸಿ ಅಕ್ಕ, ವೀಣೆ ಇಟ್ಟಿರ್ತೀರಲ್ವಾ’ ಅನ್ನಿ. ನಮ್ಮ ಕಡೆ ವೀಣೆ ಇರುವ ಮನೆಯಲ್ಲಿ ದಸರಾದಲ್ಲಿ ಅದನ್ನು ಪೂಜೆಗೆ ಇಡದೆ ಇರುವುದು ಅಪರೂಪ. ಮನೆಯವರಾದರೆ ಖುಷಿಯಿಂದ ಫೋನ್ ತೆಗೆದು ಅಜ್ಜಿಯ ಫೋಟೊನೂ ಸೇರಿಸಿ ತೋರಿಸುತ್ತಾರೆ.

ಪಿಟೀಲು ಹುಡುಕುವವರಿಗೂ ಒಂದು ಮಾತು. ಒಳಗೆ ಇಣುಕಿದರೆ ‘ಸ್ಟ್ರಾಡಿವೇರಿಯಸ್’ ಅಂತ ಚೀಟಿ ಅಂಟಿಸಿರುವ ಪಿಟೀಲುಗಳು ಊರು ತುಂಬ ಇವೆ. ಆ ಇಟಲಿಯ ಕುಶಲಕರ್ಮಿ ತೀರಿಕೊಂಡದ್ದು 1737ರಲ್ಲಿ. ಆಮೇಲೆ ಯೂರೋಪಿನ ಕಾರ್ಖಾನೆಗಳು ಅವರ ಮಾದರಿಯಲ್ಲಿ ಮಾಡಿದ ಲೆಕ್ಕವಿಲ್ಲದಷ್ಟು ಪಿಟೀಲುಗಳಿಗೆ ಅದೇ ಚೀಟಿ ಹಚ್ಚಿದವು. ಚೀಟಿಗೆ ಬೆಲೆ ಇಲ್ಲ. ಒಳಗಿನ ಪುಟ್ಟ ಕಡ್ಡಿ ಬಿದ್ದಿದ್ದರೆ ನಿಲ್ಲಿಸಬಹುದು. ಆ ಕಡ್ಡಿ ನಿಲ್ಲುವ ಜಾಗದಲ್ಲೇ ಹಲಗೆ ಬಿರಿದಿದ್ದರೆ ಬಿಟ್ಟುಬಿಡಿ.

ಆನ್‌ಲೈನಿನಲ್ಲಿ ನೋಡಿ ಕೊಳ್ಳುವವರು ಎದುರಿಗೆ ಕಾಣದ ವೀಣೆಗೆ ಅಡ್ವಾನ್ಸ್ ಹಾಕಬೇಡಿ. ‘ನಾನು ಮಿಲಿಟರಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಸಾಗಾಣಿಕೆ ಖರ್ಚು ಕಳಿಸಿ’ ಅನ್ನುವುದು ಹಳೇ ಮೋಸ. ನೀವು ಮಾರುವವರಾದರೆ ಇದೂ ನೆನಪಿರಲಿ. ದುಡ್ಡು ಬರಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದಾಗಲಿ, ಪಿನ್ ಒತ್ತುವುದಾಗಲಿ ಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಹೋಗಿಯೇಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಎಲ್ಲ ಒಪ್ಪಿಗೆಯಾಯಿತು ಅಂದುಕೊಳ್ಳಿ. ಬಾಯಿಮಾತಲ್ಲಿ ಬಿಡಬೇಡಿ. ‘ಅಣ್ಣಾ, ಈಗ ಹೇಳಿದ್ದನ್ನೇ ವಾಟ್ಸಾಪಲ್ಲಿ ಹಾಕಿಬಿಡಿ, ಮನೆಯವರಿಗೆ ತೋರಿಸ್ಬೇಕು’ ಅಂದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಏಕಾಂಡವೋ ಜೋಡಣೆಯೋ, ಯಾವ ಮರ, ಬಿರುಕು ಇಲ್ಲ ಅನ್ನುವುದು, ಬೆಲೆ, ತಾರೀಖು, ಒಂದು ವಾರದೊಳಗೆ ದೋಷ ಕಂಡರೆ ವಾಪಸ್ ತಗೊಳ್ಳುತ್ತೇವೆ ಅನ್ನುವುದು, ಇಷ್ಟು ಇರಲಿ. ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡಿ. ಅಂಗಡಿಯಾದರೆ ಬಿಲ್ ಕೇಳಿ ತಗೊಳ್ಳಿ. ಹೊರಡುವ ಮುಂಚೆ ಅವರ ಮನೆಯಲ್ಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ.

ಮಂಡ್ಯಕ್ಕೋ ನಂಜನಗೂಡಿಗೋ ಕಾರಿನಲ್ಲಿ ಒಯ್ಯುವಾಗ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಹೋಗಬೇಡಿ. ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ. ಆಮೇಲೆ ದೋಷ ಮೊದಲೇ ಇತ್ತೋ ದಾರಿಯಲ್ಲಿ ಆಯಿತೋ ಅಂತ ಜಗಳ.

ಇಷ್ಟೆಲ್ಲ ಮಾಡಿಯೂ ಮೋಸವಾಗಿದ್ದರೆ ಮೊದಲು ಫೋಟೊ ಸಮೇತ ಬರೆದು ತಿಳಿಸಿ, ವಾಪಸ್ ಕೇಳಿ. ಉತ್ತರ ಬರದಿದ್ದರೆ, ಮಾರಿದ್ದು ಅಂಗಡಿಯವರೋ ವ್ಯಾಪಾರಿಯೋ ಆಗಿದ್ದರೆ, 1915 ಗ್ರಾಹಕರ ಸಹಾಯವಾಣಿಗೆ ಹೇಳಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ. ವ್ಯಾಪಾರಿ ಅಲ್ಲದೆ ಮನೆಯವರೇ ಮಾರಿದ್ದರೆ ಗ್ರಾಹಕ ಕಾನೂನು ನೆರವಿಗೆ ಬರುವುದಿಲ್ಲ. ಬೇಕೆಂದೇ ಸುಳ್ಳು ಹೇಳಿ ಮಾರಿದ್ದಾರೆ ಅನ್ನುವುದಕ್ಕೆ ಆಧಾರ ಇದ್ದರೆ ಪೊಲೀಸ್ ಠಾಣೆಯಲ್ಲಿ ವಂಚನೆ ದೂರು ಕೊಡಬಹುದು. ಆ ವಾಟ್ಸಾಪ್ ಮೆಸೇಜು, ಬ್ಯಾಂಕಿನ ವಿವರ, ಫೋಟೊ ಮೂರನ್ನೂ ಪ್ರಿಂಟ್ ತೆಗೆಸಿಕೊಂಡು ಹೋಗಿ, ಕೊಟ್ಟ ದೂರಿಗೆ ರಸೀದಿ ಕೇಳಿ ಪಡೆಯಿರಿ.