ಮುಖವಿಲ್ಲದ ಶಿಲ್ಪದಲ್ಲಿ ಭಾವವನ್ನು ಕಾಣುವುದು ಹೇಗೆ

ಬೇಲೂರಿನ ಮದನಿಕೆಯರ ಎದುರು ನಿಂತವರಿಗೆ ಭಾವವನ್ನು ಎಲ್ಲಿ ಹುಡುಕಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣಿನ ಓರೆ, ತುಟಿಯಂಚು, ಸೊಂಟದ ಬಳುಕು, ಬೆರಳಿನ ಮುದ್ರೆ ಎಲ್ಲವೂ ನಮಗೆ ಪರಿಚಿತವಾದ ಭಾಷೆ. ಅದೇ ಅಭ್ಯಾಸದೊಂದಿಗೆ ಇಂದಿನ ಶಿಲ್ಪಗಳ ಪ್ರದರ್ಶನಕ್ಕೆ ಹೋದಾಗ, ಗೋಡೆಯಿಂದ ಜೋತುಬಿದ್ದ ಕೆಂಪು ಹಗ್ಗವನ್ನೋ ಅರ್ಧ ಕೆತ್ತಿದಂತೆ ಕಾಣುವ ಮರದ ತೊಲೆಯನ್ನೋ ಕಂಡು, ಇದರಲ್ಲಿ ನೋಡುವುದಕ್ಕೆ ಏನಿದೆ ಎಂಬ ಪ್ರಶ್ನೆ ಏಳುವುದು ಸಹಜ. ಅಂಥ ಕೃತಿಗಳ ಎದುರು ಏನು ಮಾಡಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ಕೆಲವು ನಿಜವಾದ ಕೃತಿಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲ ಕೆಲಸ, ಪಕ್ಕದ ಫಲಕವನ್ನು ಓದದಿರುವುದು. ಫಲಕ ಓದಿದ ಮೇಲೆ ಕಣ್ಣು ಅದರಲ್ಲಿ ಹೇಳಿದ್ದನ್ನೇ ಹುಡುಕುತ್ತದೆ. ಅದರ ಬದಲು ಕೃತಿಯನ್ನು ಒಂದು ಸುತ್ತು ಹಾಕಿ. ಬೇಲೂರಿನ ಗುಡಿಯನ್ನು ಜಗತಿಯ ಮೇಲೆ ನಡೆಯುತ್ತ ನೋಡುವ ನಮಗೆ ಇದು ಹೊಸದೇನೂ ಅಲ್ಲ, ಆದರೆ ಗ್ಯಾಲರಿಯೊಳಗೆ ಕಾಲಿಟ್ಟ ಕೂಡಲೇ ಅದೇಕೋ ಎಲ್ಲರೂ ಒಂದೇ ಕಡೆ ನಿಂತು ಮೊಬೈಲ್ ಎತ್ತುತ್ತಾರೆ. ಸುತ್ತು ಹಾಕುವಾಗ ಹಿಂಬದಿಯನ್ನೂ, ಕೃತಿ ನೆಲವನ್ನು ಅಥವಾ ಗೋಡೆಯನ್ನು ಮುಟ್ಟುವ ಜಾಗವನ್ನೂ ಗಮನಿಸಿ. ಅದು ನೆಲದ ಮೇಲೆ ಭಾರ ಬಿಟ್ಟು ನಿಂತಿದೆಯೋ, ಒರಗಿದೆಯೋ, ತೂಗುತ್ತಿದೆಯೋ ಎಂಬುದರಿಂದಲೇ ಭಾವದ ಅರ್ಧಭಾಗ ನಿರ್ಧಾರವಾಗಿರುತ್ತದೆ.

ಎರಡನೆಯದು ವಸ್ತುವನ್ನು ಗುರುತಿಸುವುದು, ಮತ್ತು ಆ ವಸ್ತು ನಿಮ್ಮ ಬದುಕಿನಲ್ಲಿ ಎಲ್ಲೆಲ್ಲಿ ಇದೆ ಎಂದು ನೆನಪಿಸಿಕೊಳ್ಳುವುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರ ಕೃತಿಗಳು ಇದಕ್ಕೆ ಒಳ್ಳೆಯ ಪಾಠ. ಚಿತ್ರಕಲೆಯಲ್ಲಿ ತರಬೇತಿ ಪಡೆದ ಅವರು ತೊಂಬತ್ತರ ದಶಕದ ಆರಂಭದಲ್ಲಿ ಸಗಣಿಯನ್ನು ಬಳಸತೊಡಗಿದರು, ಮುಂದೆ ನೂಲು, ಸೂಜಿ, ಕುಂಕುಮ, ಕೂದಲು, ಟಾರು ಡ್ರಮ್ಮುಗಳತ್ತ ಹೊರಳಿದರು. 1998ರಲ್ಲಿ ಅವರು ಮೊದಲು ಮಾಡಿದ ಒಂದು ಕೃತಿಗೆ ‘ಅವನಿಗೆ ನನ್ನ ನೋವನ್ನು ಹೇಳು’ ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆಯಿದೆ. ಉದ್ದನೆಯ ನೂಲಿನ ಎಳೆಗಳನ್ನು ಸೂಜಿಯ ಕಣ್ಣಿನ ಮೂಲಕ ಪೂರ್ತಿ ಎಳೆದು, ಆ ಎಳೆಗಳನ್ನು ಒಟ್ಟುಗೂಡಿಸಿ, ಅಂಟು ಮತ್ತು ಕುಂಕುಮ ಸವರಿ ಮಾಡಿದ ಕೆಂಪು ಹಗ್ಗಗಳು ಗೋಡೆಯ ಮೇಲಿಂದ ಇಳಿದು ನೆಲದ ಮೇಲೆ ಸುರುಳಿ ಸುತ್ತಿಕೊಳ್ಳುತ್ತವೆ. ಹಗ್ಗದ ಕೊನೆಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ದೂರದಿಂದ ನೋಡಿದರೆ ಅದು ಗಾಳಿಯಲ್ಲಿ ಎಳೆದ ಒಂದು ಗೆರೆಯಂತೆ ಇದೆ. ಹತ್ತಿರ ಹೋದಂತೆ ಕೆಂಪು ಬಣ್ಣ ಹಣೆಯ ಕುಂಕುಮವಾಗುತ್ತದೆ, ಮರುಕ್ಷಣ ಕರುಳೋ ರಕ್ತನಾಳವೋ ಆಗುತ್ತದೆ, ಕೊನೆಗೆ ಸೂಜಿಗಳ ಮೊನೆ ಕಣ್ಣಿಗೆ ಬಿದ್ದಾಗ ಮೈ ಸಣ್ಣಗೆ ಹಿಂಜರಿಯುತ್ತದೆ. ಆ ಹಿಂಜರಿಕೆಯೇ ಕೃತಿಯ ಭಾವ. ಅದನ್ನು ತೋರಿಸಲು ಅಳುವ ಹೆಂಗಸಿನ ಮುಖ ಬೇಕಾಗಲಿಲ್ಲ.

ಇಟಲಿಯ ವೆನಿಸ್‌ನಲ್ಲಿ ನಡೆಯುವ ಅಂತಾರಾಷ್ಟ್ರೀಯ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ 2009ರಲ್ಲಿ ಇದ್ದ ಅವರ ‘ಬಿಹೋಲ್ಡ್’ ಕೃತಿಯನ್ನು ನೋಡುವಾಗ ಕನ್ನಡಿಗರಿಗೆ ಒಂದು ಅನುಕೂಲವಿದೆ. ಸುಮಾರು 4,000 ಮೀಟರ್ ಉದ್ದದ, ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ ಸುಮಾರು 20 ಉಕ್ಕಿನ ಬಂಪರುಗಳನ್ನು ಮೇಲೆತ್ತಿ ಹಿಡಿದಂತೆ ಅದನ್ನು ಜೋಡಿಸಲಾಗಿದೆ. ದೇವಸ್ಥಾನದಲ್ಲಿ ಮುಡಿ ಕೊಟ್ಟವರ ಮನೆಯಲ್ಲಿ ಬೆಳೆದವರಿಗೆ, ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಕಪ್ಪು ಕೂದಲ ಹಗ್ಗ ಕಟ್ಟಿದ್ದನ್ನು ಬೆಂಗಳೂರಿನ ರಸ್ತೆಗಳಲ್ಲಿ ಕಂಡವರಿಗೆ, ಹರಕೆ ಮತ್ತು ಹೆದರಿಕೆ ಎರಡೂ ಆ ಹಗ್ಗದೊಳಗೆ ಹೆಣೆದುಕೊಂಡಿರುವುದು ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ. ಮೆತ್ತಗಿನದು ಗಟ್ಟಿಯಾದುದನ್ನು ಹೊತ್ತಿದೆ ಎಂಬ ವಿಚಿತ್ರವನ್ನು ಮಾತ್ರ ಅಲ್ಲೇ ನಿಂತು ಗಮನಿಸಬೇಕು.

ವಸ್ತು ತಿಳಿದ ಮೇಲೆ, ಕೈ ಅದಕ್ಕೆ ಏನು ಮಾಡಿದೆ ಎಂದು ಕೇಳಿಕೊಳ್ಳಿ. ಇದಕ್ಕೆ ಕ್ರಿಯಾಪದಗಳೇ ಸಾಕು: ಸೀಳಿದ್ದು, ಮಡಚಿದ್ದು, ಗಂಟು ಹಾಕಿದ್ದು, ಉಜ್ಜಿದ್ದು, ಎರಕ ಹೊಯ್ದದ್ದು. ಒಂದು ಚೀಟಿಯಲ್ಲಿ ಬರೆದುಕೊಂಡರೂ ಆದೀತು. ಸೋಮನಾಥ ಹೋರ್ (1921–2006) ಅವರ ಕಂಚಿನ ಶಿಲ್ಪಗಳ ಎದುರು ಈ ಪಟ್ಟಿ ಬೇಗ ತುಂಬುತ್ತದೆ. 1943ರ ಬಂಗಾಳದ ಬರಗಾಲದಲ್ಲಿ ಹಸಿದವರನ್ನು ಕಣ್ಣಾರೆ ಕಂಡು ಚಿತ್ರಿಸಿದ ಅವರು ಕಂಚಿಗೆ ಕೈಹಾಕಿದ್ದು ಎಪ್ಪತ್ತರ ದಶಕದಲ್ಲಿ. ಮೇಣದ ಹಾಳೆಗಳನ್ನು ಮಡಚಿ, ಕತ್ತರಿಸಿ, ಸೀಳಿ ರೂಪ ಕೊಟ್ಟು, ಅದನ್ನೇ ಎರಕಕ್ಕೆ ಹಾಕುತ್ತಿದ್ದರು. ಹೀಗಾಗಿ ಅವರ ಸಣಕಲು ಆಕೃತಿಗಳಲ್ಲಿ ಪಕ್ಕೆಲುಬಿನ ನಡುವಿನ ಬಿರುಕು ಗಾಯದ ಚಿತ್ರವಲ್ಲ, ಮೇಣದ ಮೇಲೆ ನಿಜವಾಗಿಯೇ ಆದ ಗಾಯ. ಲೋಹ ಅದನ್ನು ಹಾಗೆಯೇ ಉಳಿಸಿಕೊಂಡಿದೆ.

ಪ್ರಕೃತಿಯ ವಿಷಯಕ್ಕೆ ಬಂದರೆ, ಎಲೆ ಹೂವುಗಳ ಹೋಲಿಕೆಯನ್ನು ಹುಡುಕುವುದಕ್ಕಿಂತ ಬೆಳವಣಿಗೆಯನ್ನು ಹುಡುಕುವುದು ಹೆಚ್ಚು ಫಲ ಕೊಡುತ್ತದೆ. ಮೃಣಾಲಿನಿ ಮುಖರ್ಜಿ (1949–2015) ಬರೋಡಾದಲ್ಲಿ ಕಲಾವಿದ ಕೆ. ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತವರು. ಬಣ್ಣ ಹಾಕಿದ ನಾರಿನ ಹಗ್ಗವನ್ನು ಮಗ್ಗವಿಲ್ಲದೆ, ಮೊದಲೇ ನಕ್ಷೆ ಬರೆದುಕೊಳ್ಳದೆ, ಕೈಯಿಂದಲೇ ಗಂಟಿಕ್ಕುತ್ತ ಆಳೆತ್ತರದ ಆಕೃತಿಗಳನ್ನು ಅವರು ಕಟ್ಟಿದರು. ‘ಯಕ್ಷಿ’, ‘ರುದ್ರ’, ‘ವನಶ್ರೀ’ ಮುಂತಾದ ಹೆಸರುಗಳ ಈ ಕೃತಿಗಳಲ್ಲಿ ಒಂದು ಗಂಟು ಮುಂದಿನ ಗಂಟನ್ನು ನಿರ್ಧರಿಸುತ್ತದೆ. ಅಂಚು ಮಡಿಕೆಯಾಗಿ, ಮಡಿಕೆ ದಳವಾಗಿ ತೆರೆದುಕೊಳ್ಳುತ್ತದೆ. ಇದು ದೇವಿಯೇ, ಹೂವೇ, ಹೆಣ್ಣಿನ ದೇಹವೇ ಎಂದು ತೀರ್ಮಾನಿಸುವ ಅವಸರ ಬೇಡ. ಕೆಳಗಿನ ಅಂಚಿನಲ್ಲಿ ಒಂದು ಗಂಟಿನ ಸಾಲನ್ನು ಹಿಡಿದು ಕಣ್ಣಿನಿಂದಲೇ ಮೇಲಕ್ಕೆ ಹತ್ತಿ, ಅದು ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲವಾಗಿ ಜೋಲುತ್ತದೆ ಎಂದು ನೋಡಿ. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಕಲಾ ಸಂಗ್ರಹಾಲಯದಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆದಾಗ ಹೊರಜಗತ್ತು ಬೆರಗಾಯಿತು. ಅಷ್ಟು ತಡವಾಗಿ ಬೆರಗಾದದ್ದು ನನಗೆ ಈಗಲೂ ಸೋಜಿಗದ ಸಂಗತಿ.

ಇಟಲಿಯ ಶಿಲ್ಪಿ ಜುಸೆಪ್ಪೆ ಪೆನೋನೆ ಕೆಲಸದ ಪಾಲನ್ನು ನೇರವಾಗಿ ಮರಕ್ಕೇ ಬಿಟ್ಟುಕೊಟ್ಟರು. 1968ರಲ್ಲಿ ತಮ್ಮೂರು ಗಾರೆಸ್ಸಿಯೊ ಬಳಿಯ ಕಾಡಿನಲ್ಲಿ, ಎಳೆಯ ಮರದ ಕಾಂಡವನ್ನು ತಮ್ಮ ಕೈ ಹಿಡಿದಿದ್ದ ಜಾಗಕ್ಕೆ ಆ ಕೈಯ ಲೋಹದ ಪ್ರತಿರೂಪವನ್ನು ಜೋಡಿಸಿದರು. ಮರ ಆ ಒಂದು ಜಾಗವನ್ನು ಬಿಟ್ಟು ಉಳಿದೆಡೆ ಬೆಳೆಯುತ್ತ ಹೋಯಿತು. ಎಂಬತ್ತರ ದಶಕದ ಆರಂಭದ ಇನ್ನೊಂದು ಕೃತಿಯಲ್ಲಿ, ಗರಗಸದಿಂದ ಕೊಯ್ದ ತೊಲೆಯನ್ನು ತೆಗೆದುಕೊಂಡು ಮರದೊಳಗೆ ವರ್ಷಕ್ಕೊಂದರಂತೆ ಮೂಡುವ ಉಂಗುರಗಳಲ್ಲಿ ಒಂದರ ಜಾಡು ಹಿಡಿದು ಕೆತ್ತುತ್ತ, ಅದರೊಳಗಿದ್ದ ಎಳೆಯ ಮರವನ್ನು ರೆಂಬೆಗಳ ಸಮೇತ ಹೊರತೆಗೆದರು. ಇಂಥ ಕೃತಿಯ ಮುಂದೆ ಕೇಳಬೇಕಾದದ್ದು, ಇಲ್ಲಿ ಶಿಲ್ಪಿ ಎಲ್ಲಿ ನಿಲ್ಲಿಸಿದ್ದಾನೆ, ಅಲ್ಲಿಂದ ಮುಂದೆ ಯಾವ ಶಕ್ತಿ ಕೆಲಸ ಮಾಡಿದೆ ಎಂದು. ಲಿವರ್‌ಪೂಲ್ ಸಮೀಪದ ಕ್ರಾಸ್ಬಿ ಕಡಲತೀರದಲ್ಲಿ ಬ್ರಿಟಿಷ್ ಶಿಲ್ಪಿ ಆಂಟನಿ ಗಾರ್ಮ್ಲಿ ತಮ್ಮ ಮೈಯ ಅಚ್ಚಿನಿಂದ ಮಾಡಿಸಿ ನಿಲ್ಲಿಸಿರುವ 100 ಕಬ್ಬಿಣದ ಆಕೃತಿಗಳಿಗೂ ಇದು ಅನ್ವಯಿಸುತ್ತದೆ. ಕಡಲು ಉಬ್ಬರವಾದಾಗ ಅವು ಮುಳುಗುತ್ತವೆ, ತುಕ್ಕು ಹಿಡಿಯುತ್ತವೆ, ಚಿಪ್ಪುಜೀವಿಗಳು ಮೈಗೆ ಅಂಟಿಕೊಳ್ಳುತ್ತವೆ. ಬೆಳಿಗ್ಗೆ ಕಂಡದ್ದು ಸಂಜೆಗೆ ಅದೇ ಆಗಿರುವುದಿಲ್ಲವಾದ್ದರಿಂದ ಹೊರಾಂಗಣದ ಶಿಲ್ಪವನ್ನು ಬೇರೆ ಬೇರೆ ಹೊತ್ತಿನಲ್ಲಿ ನೋಡುವುದೇ ಸರಿಯಾದ ಕ್ರಮ.

ಇವುಗಳಲ್ಲಿ ಹೆಚ್ಚಿನವನ್ನು ನಮ್ಮಲ್ಲಿ ಹಲವರು ಫೋಟೋಗಳಲ್ಲಷ್ಟೇ ನೋಡಬಲ್ಲೆವು. ಫೋಟೋ ನೋಡುವಾಗ ಅಳತೆಯನ್ನು ತಪ್ಪದೆ ಓದಿ. ಸಾಮಾನ್ಯವಾಗಿ ಎತ್ತರ, ಅಗಲ, ಆಳ ಎಂಬ ಕ್ರಮದಲ್ಲಿ ಕೊಟ್ಟಿರುತ್ತಾರೆ. ಅಂಗೈಯಲ್ಲಿ ಹಿಡಿಯಬಹುದಾದದ್ದು ಪರದೆಯ ಮೇಲೆ ಆಳೆತ್ತರವಾಗಿ ಕಾಣಬಹುದು, ಹಾಗಾದಾಗ ಭಾವವೂ ತಪ್ಪಿಹೋಗುತ್ತದೆ. ಎತ್ತರದ ಅಳತೆಯನ್ನು ಮನೆಯ ಗೋಡೆಯ ಮೇಲೆ ಬೆರಳಿಟ್ಟು ಗುರುತಿಸಿಕೊಂಡರೆ ಸಾಕು, ಕೃತಿ ನಿಮ್ಮ ಮೈಗೆ ಎಷ್ಟು ಹತ್ತಿರದ್ದು ಎಂದು ತಿಳಿಯುತ್ತದೆ. ಒಂದೇ ಕೃತಿಯನ್ನು ಬೇರೆ ಬೇರೆ ಕೋನಗಳಿಂದ ತೆಗೆದ ಫೋಟೋಗಳನ್ನೂ ಹುಡುಕಿ ನೋಡಿ.

ಫಲಕದ ಸರದಿ ಈಗ. ಶೀರ್ಷಿಕೆ, ವರ್ಷ, ವಸ್ತುಗಳ ಪಟ್ಟಿ, ಈ ಮೂರನ್ನು ಓದಿ ನೀವು ಕಂಡದ್ದರೊಂದಿಗೆ ಹೋಲಿಸಿ. ನಿಮಗೆ ನಾರು ಎನಿಸಿದ್ದು ಕಂಚಾಗಿದ್ದರೆ ಮತ್ತೊಂದು ಸುತ್ತು ಹಾಕಲು ಅದೇ ಕಾರಣ ಸಾಕು. ಬೆಂಗಳೂರಿನಲ್ಲಿರುವವರು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಇದನ್ನು ಅಭ್ಯಾಸ ಮಾಡಬಹುದು. ಸೋಮವಾರ ಅದಕ್ಕೆ ರಜೆ. ಪ್ರದರ್ಶನಗಳು ಬದಲಾಗುತ್ತಿರುವುದರಿಂದ ಇಂಥದ್ದೇ ಕೃತಿ ಇರುತ್ತದೆಂದು ನಂಬಿ ಹೋಗಬೇಡಿ. ಇದ್ದುದರಲ್ಲಿ ಒಂದೆರಡನ್ನು ಆರಿಸಿಕೊಂಡು, ಮುಟ್ಟಬಾರದೆಂಬ ನಿಯಮವನ್ನು ಪಾಲಿಸುತ್ತಲೇ, ಮುಟ್ಟಿದರೆ ತಣ್ಣಗಿರುತ್ತದೆಯೋ ಒರಟಾಗಿರುತ್ತದೆಯೋ ಎಂದು ಊಹಿಸುತ್ತ ಸುತ್ತು ಹಾಕಿ.