ಕಂದು ಹಿಡಿಯದ ಸ್ಲೈಡ್

ಎರಡನೇ ಹಂತದ ದೊಡ್ಡ ಕರುಳಿನ ಕ್ಯಾನ್ಸರ್ ಪೆಥಾಲಜಿಯವರಿಗೆ ಇಕ್ಕಟ್ಟಿನ ಕೆಲಸ. ದುಗ್ಧಗ್ರಂಥಿಗಳಿಗೆ ಹರಡಿರುವುದಿಲ್ಲ, ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತಾರೆ. ಸುಮಾರು ಐವರಲ್ಲಿ ಒಬ್ಬರಿಗೆ ಮರುಕಳಿಸುತ್ತದೆ. ಆ ಒಬ್ಬರು ಯಾರು?

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ನಮ್ಮ ಲ್ಯಾಬಿಗೆ ಒಬ್ಬ ಹೆಂಗಸಿನ ಕರುಳಿನ ಭಾಗ ಬಂತು. ಶನಿವಾರ ಸಂಜೆ ತೆಗೆದದ್ದು. ಸೋಮವಾರ ಡಬ್ಬಿ ತೆರೆದರೆ, ಕರುಳನ್ನು ಸೀಳದೆ, ಅಂಗಾಂಶ ಕೆಡದಂತಿಡುವ ಅರೆಬರೆ ಫಾರ್ಮಲಿನ್‌ನಲ್ಲಿ ತುರುಕಿದ್ದರು. ಹೊರಗೆ ಬೂದುಬಣ್ಣ, ಗಟ್ಟಿ. ಗಡ್ಡೆಯ ನಡುವೆ ಚಾಕು ಇಳಿಸಿದರೆ ಇನ್ನೂ ಕೆಂಪು, ಮೆತ್ತಗೆ. ಗೊಣಗುತ್ತಲೇ ಸೀಳಿ ಹೊಸ ಫಾರ್ಮಲಿನ್‌ಗೆ ಹಾಕಿದೆ. ಕನಿಷ್ಠ 12 ದುಗ್ಧಗ್ರಂಥಿ ನೋಡಬೇಕು. 14 ಸಿಕ್ಕವು, ಯಾವುದರಲ್ಲೂ ರೋಗವಿರಲಿಲ್ಲ. ಆದರೆ ಗಡ್ಡೆ ಕರುಳಿನ ಹೊರಪದರವನ್ನು ದಾಟಿತ್ತು.

ಡಿಎನ್‌ಎ ನಕಲಿನ ತಪ್ಪು ತಿದ್ದುವ ಮುಖ್ಯ ಪ್ರೋಟೀನುಗಳು ನಾಲ್ಕು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಸ್ಲೈಡಿಗೆ ಬಣ್ಣ ಹಾಕಿದಾಗ, ಇವು ಇದ್ದರೆ ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಗಡ್ಡೆಯಲ್ಲಿ ಇವು ನಾಪತ್ತೆಯಾಗಿದ್ದರೆ, ಈ ಹಂತದಲ್ಲಿ ಅದು ಒಳ್ಳೆಯ ಸುದ್ದಿಯೇ: ಮರುಕಳಿಸುವ ಸಾಧ್ಯತೆ ಕಡಿಮೆ, ಫ್ಲೂರೋಯುರಾಸಿಲ್ ಎಂಬ ಕೀಮೋ ಔಷಧ ಒಂದನ್ನೇ ಕೊಟ್ಟರೆ ಪ್ರಯೋಜನವೂ ಇಲ್ಲ. ಜೊತೆಗೆ ಇದು ಕ್ಯಾನ್ಸರಿನ ಅಪಾಯ ಹೆಚ್ಚಿಸುವ, ವಂಶಪಾರಂಪರ್ಯದ ಲಿಂಚ್ ಸಿಂಡ್ರೋಮ್ ಇರಬಹುದೇ ಎಂಬ ಪ್ರಶ್ನೆಯೂ ಏಳುತ್ತದೆ.

ಈಕೆಯ ಸ್ಲೈಡಿನಲ್ಲಿ ಎಂಎಲ್‌ಎಚ್1 ಇಲ್ಲ, ಪಿಎಂಎಸ್2 ಇಲ್ಲ. ಮೊದಲನೆಯದು ಹೋದರೆ ಎರಡನೆಯದೂ ಹೋಗುತ್ತದೆ, ಹಾಗಾಗಿ ಅನುಮಾನವೇ ಬರಲಿಲ್ಲ. ವರದಿ ಟೈಪ್ ಆಗಿತ್ತು. ಸಹಿಗೆ ಮುನ್ನ ಸ್ಲೈಡನ್ನು ಇನ್ನೊಮ್ಮೆ ಸರಿಸಿದೆ. ಗಡ್ಡೆಯ ಪಕ್ಕದ ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳೂ ನೀಲಿಯಾಗಿಯೇ ಇದ್ದವು! ಅವು ಆಕೆಯ ಆರೋಗ್ಯವಂತ ಕೋಶಗಳು, ಕಂದಾಗಲೇಬೇಕು. ಪ್ರೋಟೀನು ಕಾಣೆಯಾಗಿರಲಿಲ್ಲ, ಫಾರ್ಮಲಿನ್ ಸರಿಯಾಗಿ ಇಳಿಯದ ಕಡೆ ಬಣ್ಣವೇ ಹಿಡಿದಿರಲಿಲ್ಲ.

ಕೊಲೊನೋಸ್ಕೋಪಿಯಲ್ಲಿ ತೆಗೆದ ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ರಾಜಾಜಿನಗರದ ಲ್ಯಾಬೊಂದರಲ್ಲಿತ್ತು. ಆಕೆಯ ಮಗ ಮಳೆಯಲ್ಲೇ ಸ್ಕೂಟರಿನಲ್ಲಿ ಹೋಗಿ ತಂದುಕೊಟ್ಟ. "ಇಷ್ಟು ಚಿಕ್ಕದರಲ್ಲಿ ಗೊತ್ತಾಗುತ್ತದೆಯೇ, ಮೇಡಂ?" ಎಂದ. ಚಿಕ್ಕದಾಗಿರುವುದೇ ಅನುಕೂಲ, ಅಕ್ಕಿಕಾಳಿನಷ್ಟರ ತುಣುಕಿನ ಒಳಗೆಲ್ಲ ಫಾರ್ಮಲಿನ್ ಬೇಗ ಇಳಿದಿರುತ್ತದೆ. ನಾಲ್ಕೂ ಪ್ರೋಟೀನುಗಳು ಅಚ್ಚ ಕಂದಾಗಿ ಬಂದವು. ಹೊರಪದರ ದಾಟಿದ ಗಡ್ಡೆ, ಪ್ರೋಟೀನುಗಳೂ ಇವೆ: ಮರುಕಳಿಸುವ ಅಪಾಯ ಹೆಚ್ಚು. ಆಂಕಾಲಜಿಸ್ಟ್ ಕೀಮೋ ಶುರು ಮಾಡಿದರು.

ಈಗ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಹುಡುಕುವ ಮಾತು ಜೋರಾಗಿದೆ. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಡೈನಮಿಕ್ ಅಧ್ಯಯನದಲ್ಲಿ, 455 ರೋಗಿಗಳ ಪೈಕಿ ರಕ್ತಪರೀಕ್ಷೆ ನೋಡಿ ನಿರ್ಧರಿಸಿದ ಗುಂಪಿನಲ್ಲಿ ಕೀಮೋ ಪಡೆದವರು ಶೇ 15, ಎಂದಿನ ಕ್ರಮದಲ್ಲಿ ನಿರ್ಧರಿಸಿದ ಇನ್ನೊಂದು ಗುಂಪಿನಲ್ಲಿ ಶೇ 28. ಎರಡು ವರ್ಷದವರೆಗೆ ಮರುಕಳಿಸದೆ ಉಳಿದವರ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಒಂದೇ. ನನಗೂ ಆಸೆಯಿದೆ. ಆದರೆ ಅಲ್ಲಿಯೂ ಯಾವ ರೂಪಾಂತರವನ್ನು ಹುಡುಕಬೇಕೆಂದು ಮೊದಲು ಗಡ್ಡೆಯ ಬ್ಲಾಕನ್ನೇ ಕೇಳಿದ್ದರು.

ಈಗ ಶನಿವಾರ ಸಂಜೆ ಆಪರೇಷನ್ ಥಿಯೇಟರಿಗೆ ಫೋನ್ ಮಾಡುತ್ತೇನೆ. ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್, "ಸೀಳಿದ್ದಾರೆ ಮೇಡಂ, ಡಬ್ಬಿಯೂ ದೊಡ್ಡದೇ," ಎನ್ನುತ್ತಾರೆ.